ಗೋಡೆಯ ಮೇಲಿನ ತಮ್ಮ

ಸತ್ತ ತಮ್ಮನನ್ನು ಊರೆಲ್ಲ ನೋಡುವ ಹಾಗೆ ಗೋಡೆಚಿತ್ರದ ಬೆಂಕಿಗೆ ಹಾಕಿದರಲ್ಲ, ಆ ಕೋಪವನ್ನು ಮೇಸ್ತ್ರಿ ವರ್ಷಗಟ್ಟಲೆ ನುಂಗಿಕೊಳ್ಳಲಿಲ್ಲ. ನುಂಗಿಕೊಳ್ಳುವ ಜಾಯಮಾನವೂ ಅವನದಲ್ಲ. ಮನೆಗಳಿಗೆ ಬಣ್ಣ ಹೊಡೆಸುವ ಮೇಸ್ತ್ರಿ ಅವನು. ಕೈಕೆಳಗೆ ನಾಲ್ಕಾರು ಆಳುಗಳಿದ್ದಾರೆ. ಎದುರಿಗೆ ‘ಮೇಸ್ತ್ರಿ’ ಅನ್ನುತ್ತಾರೆ, ಬೆನ್ನ ಹಿಂದೆ ‘ಬಾಣಲೆ’ ಅನ್ನುತ್ತಾರೆ. ಒಲೆಗಿಟ್ಟ ಕೂಡಲೇ ಕಾಯುತ್ತದೆ, ಇಳಿಸಿದ ಮೇಲೂ ಎಷ್ಟೋ ಹೊತ್ತು ಮುಟ್ಟುವ ಹಾಗಿಲ್ಲ, ಅದಕ್ಕೆ. ಗೋಡೆ ಉಜ್ಜದೆ ಬಣ್ಣ ಬಳಿದವನ ಮೇಲೆ ಡಬ್ಬ ಎಸೆದಿದ್ದಾನೆ. ಆರಿದೆಯೋ ಇಲ್ಲವೋ ಎಂದು ಗೋಡೆಗೆ ಬೆರಳಿಟ್ಟ ಮನೆ ಯಜಮಾನನ ಕೈ ಹಿಡಿದು ಪಕ್ಕಕ್ಕೆ ಸರಿಸಿದ್ದಾನೆ. ಆ ಕೋಪಗಳೆಲ್ಲ ಸಂಜೆಯ ಟೀ ಜೊತೆ ಇಳಿದುಹೋಗುತ್ತಿದ್ದವು. ತಮ್ಮನ ವಿಷಯದ್ದು ಮಾತ್ರ ಇಳಿಯಲಿಲ್ಲ.

ತಮ್ಮ ಲಾರಿ ಓಡಿಸುತ್ತಿದ್ದ. ಅವನು ದೇವರಂಥವನು ಎಂದು ಸುಳ್ಳು ಹೇಳಬೇಕಾಗಿಲ್ಲ; ಕುಡಿಯುತ್ತಿದ್ದ, ಕುಡಿದಾಗ ಹಾಡುತ್ತಿದ್ದ, ಹಾಡಿದಾಗ ಬೀದಿಯ ನಾಯಿಗಳೂ ಸೇರಿಕೊಳ್ಳುತ್ತಿದ್ದವು. ಒಂದು ಭಾನುವಾರ ಅದೇ ಸ್ಥಿತಿಯಲ್ಲಿ ಪ್ರಾರ್ಥನಾ ಮಂದಿರಕ್ಕೆ ಬಂದು, ಪ್ರಾರ್ಥನೆಯ ನಡುವೆ ಎದ್ದು ನಿಂತು ಸಭೆಯ ಹಿರಿಯರ ಜೊತೆ ಜಗಳ ತೆಗೆದ. ಇನ್ನು ಈ ಹೊಸಿಲು ತುಳಿಯಬೇಡ ಎಂದರು. ತುಳಿಯಲಿಲ್ಲ. ಸ್ವಲ್ಪ ಕಾಲಕ್ಕೆ ಕಲ್ಲುಕ್ವಾರಿಯ ನೀರಿನಲ್ಲಿ ಸಿಕ್ಕಿದ. ಜಾರಿ ಬಿದ್ದನೋ, ತಾನೇ ಇಳಿದನೋ ಯಾರೂ ಕಂಡಿಲ್ಲ. ಕಾಣದವರೇ ಹೆಚ್ಚು ಮಾತಾಡಿದರು. ಆಗ ಇದ್ದ ಹಳೆಯ ಪಾದ್ರಿ ಗುಂಡಿಯ ಮುಂದೆ ನಿಂತು, ಪಶ್ಚಾತ್ತಾಪವಿಲ್ಲದೆ ಹೋದವನಿಗಾಗಿ ಬೇಡಿ ಪ್ರಯೋಜನವಿಲ್ಲ, ಉಳಿದವರು ಎಚ್ಚರವಾಗಿರಿ ಎಂದು ಹೇಳಿ ಕೊಡೆ ಬಿಚ್ಚಿಕೊಂಡು ಹೊರಟುಹೋದ.

ತಮ್ಮನದೊಂದು ಫೋಟೋ ಕೂಡ ಉಳಿಯಲಿಲ್ಲ. ಇದ್ದ ಒಂದು ಲೈಸೆನ್ಸಿನ ಮೇಲಿತ್ತು. ಅದು ಜೇಬಿನಲ್ಲೇ ನೆನೆದು ಮುಖ ಕದಡಿಹೋಗಿತ್ತು. ಮೇಸ್ತ್ರಿಯ ಮದುವೆಯ ಫೋಟೋಗಳಲ್ಲಿ ಹುಡುಕಿದರೆ ಒಂದರಲ್ಲಿ ಅವನ ಮೊಣಕೈ ಇದೆ, ಇನ್ನೊಂದರಲ್ಲಿ ಯಾರದೋ ದಪ್ಪ ಭುಜದ ಹಿಂದೆ ಅವನ ಕ್ರಾಪು ಇದೆ. ಅಷ್ಟೇ.

ಪ್ರಾರ್ಥನಾ ಮಂದಿರ ಇದ್ದದ್ದು ಬಸ್ ಡಿಪೋದ ಹಿಂದಿನ ಬೀದಿಯಲ್ಲಿ. ಮೊದಲು ಅದು ಗೋದಾಮು. ತಗಡಿನ ಮಾಡು, ಉದ್ದನೆಯ ಬೆಂಚುಗಳು, ಮೂಲೆಯಲ್ಲಿ ಸದಾ ಗೊರಗುಟ್ಟುವ ಒಂದು ಫ್ಯಾನು. ತಮ್ಮ ಸತ್ತ ಮರುವರ್ಷ ಸಭೆಯ ಹಿರಿಯನಿಗೆ ಅದರ ಎಡಗೋಡೆಯ ತುಂಬ ಚಿತ್ರ ಬರೆಸಬೇಕೆಂಬ ಹುಕಿ ಹುಟ್ಟಿತು. ಹಾರ್ಡ್‌ವೇರ್ ಅಂಗಡಿ ಇಟ್ಟವನು, ಬಣ್ಣ ತನ್ನ ಅಂಗಡಿಯದೇ. ಗೋಡೆಯ ಅರ್ಧ ಪರಲೋಕ, ಅರ್ಧ ನರಕ. ಜನ ಕೂತಲ್ಲೇ ನೋಡಿ ನಡುಗಬೇಕು ಎಂಬುದು ಅವನ ಲೆಕ್ಕ. ಬರೆಯಲು ಒಬ್ಬ ಮುದಿ ಚಿತ್ರಗಾರನನ್ನು ಕರೆತಂದ. ಟಾಕೀಸಿನ ಮುಂದೆ ನಿಲ್ಲಿಸುವ ದೊಡ್ಡ ಬೋರ್ಡುಗಳಿಗೆ ಹೀರೋಗಳ ಮುಖವನ್ನು ಲಾರಿಯೆತ್ತರಕ್ಕೆ ಬರೆದ ಕೈ ಅದು. ಅಚ್ಚು ಹಾಕಿದ ಪ್ಲಾಸ್ಟಿಕ್ ಪರದೆಗಳು ಬಂದ ಮೇಲೆ ಕೆಲಸವಿಲ್ಲದೆ ಕೂತಿತ್ತು.

ಚಿತ್ರಗಾರನಿಗೆ ಒಂದು ಚಟ. ಮುಖವನ್ನು ಕಲ್ಪಿಸಿ ಬರೆಯಲು ಬಾರದು, ಕಂಡ ಮುಖವೇ ಬೇಕು. ಹಾಗಾಗಿ ನರಕದೊಳಗೆ ಬೀದಿಯವರೆಲ್ಲ ಸೇರಿಕೊಂಡರು. ಬಡ್ಡಿಗೆ ಸಾಲ ಕೊಡುವವನು ಬಂದು ನೋಡಿ, ‘ನನ್ನ ಮೂಗು ಇಷ್ಟು ದಪ್ಪ ಇದೆಯಾ?’ ಎಂದು ತಕರಾರು ತೆಗೆದ. ಹೋಟೆಲಿನವನು ತನ್ನ ಮುಖ ಕಂಡು ಪ್ರಾರ್ಥನೆಗೆ ಬರುವುದನ್ನೇ ಬಿಟ್ಟ. ಅವನ ಹೆಂಡತಿ ಮಾತ್ರ ಅಂದಿನಿಂದ ಒಂದು ವಾರವೂ ತಪ್ಪಿಸಲಿಲ್ಲ. ಜನ ನಕ್ಕರು. ಆ ನಗುವಿನ ನಡುವೆಯೇ, ಪರವೂರಿನ ಕೆಲಸದಿಂದ ಆಗತಾನೇ ಮರಳಿದ ಮೇಸ್ತ್ರಿಗೆ ಯಾರೋ ಬಂದು ಹೇಳಿದರು: ‘ನಿನ್ನ ತಮ್ಮನೂ ಇದ್ದಾನೆ ಕಣೋ ಅಲ್ಲಿ. ಥೇಟ್ ಅವನೇ.’

ಮೇಸ್ತ್ರಿ ಕೈಯಲ್ಲಿದ್ದ ಬ್ರಷ್ಷಿನ ಚೀಲವನ್ನೂ ಕೆಳಗಿಡದೆ ಓಡಿದ. ಹೌದು, ಅವನೇ. ಬೆಂಕಿಯ ನಡುವೆ ತಮ್ಮ. ಮುಂದೆ ಏನಾಯಿತು ಎಂಬುದನ್ನು ಮೇಸ್ತ್ರಿ ವರ್ಷಗಟ್ಟಲೆ ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದ್ದಾನೆ: ಬಣ್ಣದ ಡಬ್ಬಗಳನ್ನೆಲ್ಲ ಒದ್ದ, ಮುದುಕನನ್ನು ಸಾರವೆಯಿಂದ ಎಳೆದು ಇಳಿಸಿದ, ಬಾಗಿಲವರೆಗೆ ದಬ್ಬಿಕೊಂಡು ಹೋಗಿ ಬೀದಿಗೆ ತಳ್ಳಿದ. ‘ಇನ್ನೊಂದು ಸಲ ಈ ಕಡೆ ಕಂಡ್ರೆ ಬರೆಯೋ ಕೈನೇ ಮುರೀತೀನಿ!’ ಚಿತ್ರಗಾರ ಏನೋ ಹೇಳಲು ಬಾಯಿ ತೆರೆದ. ಮೇಸ್ತ್ರಿ ಬಿಡಲಿಲ್ಲ. ಆ ಮನುಷ್ಯ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಗೋಡೆ ಮಾತ್ರ ಉಳಿಯಿತು. ಅಳಿಸಿ ಎಂದು ಕೂಗಾಡಿದರೆ ಹಿರಿಯ, ‘ಹೋಲಿಕೆ ಯಾರಿಗಿಲ್ಲಪ್ಪಾ? ನನ್ನ ಸೋದರಮಾವನ ಹಾಗೂ ಒಬ್ಬ ಇದ್ದಾನೆ’ ಎಂದು ಕೈ ಒದರಿಕೊಂಡ. ಅಂದಿನಿಂದ ಮೇಸ್ತ್ರಿ ಒಳಗೆ ಕಾಲಿಡಲಿಲ್ಲ. ಆದರೆ ಅಮ್ಮ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ಗೇಟಿನಲ್ಲಿ ಇಳಿಸಬೇಕು, ಮುಗಿಯುವ ತನಕ ಎದುರಿನ ಪಂಕ್ಚರ್ ಅಂಗಡಿಯಲ್ಲಿ ಕೂತಿರಬೇಕು. ಬಾಗಿಲಿನಿಂದ ಒಂದಿಷ್ಟು ಕಾಣುತ್ತಿತ್ತು: ಅಮ್ಮ ಕೂರುವುದು ಎಡಗೋಡೆಗೆ ಅಂಟಿಕೊಂಡ ಬೆಂಚಿನಲ್ಲಿ, ಸರಿಯಾಗಿ ತಮ್ಮನ ಮುಖದೆದುರು.

‘ಅಷ್ಟು ಬೆಂಚಿದೆ, ಬೇರೆ ಕಡೆ ಕೂತ್ಕೋಬಾರ್ದಾ?’ ಎಂದು ಪ್ರತಿ ಸಲ ರೇಗುತ್ತಿದ್ದ.

‘ಗಾಳಿ ಚೆನ್ನಾಗಿ ಬರುತ್ತೆ ಕಣೋ ಅಲ್ಲಿ.’

‘ಗಾಳಿಯಂತೆ! ಫ್ಯಾನಿರೋದು ಆ ಮೂಲೇಲಿ!’

ಅಮ್ಮ ಸ್ಕೂಟರಿನ ಸೀಟು ಒರೆಸಿಕೊಂಡು ಕೂರುತ್ತಿದ್ದಳು, ಅಷ್ಟೇ. ಮಗನ ನರಕವನ್ನು ವಾರವಾರ ನೋಡಿ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಾಳೆ ಎಂದೇ ಮೇಸ್ತ್ರಿ ತಿಳಿದಿದ್ದ. ಆ ಗೋಡೆ ಒಂದು ದಿನ ಅಳಿಯಬೇಕು, ಅಮ್ಮ ಇರುವಾಗಲೇ ಅಳಿಯಬೇಕು: ಇದೊಂದೇ ಅವನಿಗೆ ಬೇಕಾಗಿದ್ದದ್ದು.

ವರ್ಷಗಳು ಕಳೆದವು. ಹಳೆಯ ಪಾದ್ರಿ ಹೋದ, ವಯಸ್ಸಿನಲ್ಲಿ ಸಣ್ಣವನೊಬ್ಬ ಬಂದ. ಎಲ್ಲರೂ ಸಣ್ಣ ಪಾದ್ರಿ ಎಂದೇ ಕರೆದರು. ಮೃದು ಮಾತಿನವನು. ಒಂದು ಭಾನುವಾರ ಆ ಗೋಡೆಯ ಕಡೆ ಕೈ ತೋರಿಸಿ ಕೇಳಿದ: ‘ನಿಮ್ಮ ಮಗು ತಪ್ಪು ಮಾಡಿದರೆ ಅದರ ಕೈಯನ್ನು ಎಷ್ಟು ಹೊತ್ತು ಒಲೆಯ ಮೇಲೆ ಹಿಡಿಯುತ್ತೀರಿ? ಒಂದು ಗಳಿಗೆ? ಒಂದು ದಿನ? ಯುಗಯುಗಕ್ಕೂ ಹಿಡಿಯುವವನನ್ನು ತಂದೆ ಅಂತ ಕರೆಯೋಕೆ ನಿಮಗೆ ಬಾಯಿ ಬರುತ್ತಾ?’ ಯಾವುದೋ ಹುಡುಗಿ ಅದನ್ನು ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟಳು. ವಾರದೊಳಗೆ ಅದು ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲ ಕಡೆ ಮಾತಾಡತೊಡಗಿತು. ಆಮೇಲೆ ಟೀವಿಯವರು ಹಿಡಿದುಕೊಂಡರು.

‘ನರಕ ನಿಜವೇ?’ ಎಂದು ಕೆಂಪಕ್ಷರ, ಕೆಳಗಿನಿಂದ ಏಳುವ ಬೆಂಕಿ, ಹಿಂದೆ ಢಂ ಢಂ ಸದ್ದು. ಸಂಜೆ ಮೇಸ್ತ್ರಿ ಕೈಗಂಟಿದ ಬಣ್ಣ ತೊಳೆಯದೆ ಟೀವಿಯ ಮುಂದೆ ಕೂತ. ಒಂದು ಕಡೆ ಸಣ್ಣ ಪಾದ್ರಿ. ಇನ್ನೊಂದು ಕಡೆ ಕೋಟು ಹಾಕಿದ ಒಬ್ಬ ಉಪದೇಶಕ. ನಡುವೆ ಇಬ್ಬರಿಗೂ ಮಾತಾಡಲು ಬಿಡದ ನಿರೂಪಕಿ.

‘ಕೊನೆಗೆ ಎಲ್ಲರಿಗೂ ಬಿಡುಗಡೆ ಅಂದ್ರೆ ಕೊಂದವನೂ ಸತ್ತವನೂ ಒಂದೇ ಮೇಜಿಗೆ ಕೂರ್ತಾರಾ?’ ಎಂದ ಕೋಟಿನವನು. ‘ಹಾಗಾದ್ರೆ ಸತ್ತವನ ಮನೆಯವರ ಕಣ್ಣೀರಿಗೆ ಏನ್ ಅರ್ಥ?’

‘ಬೆಂಕಿ ಇಲ್ಲ ಅಂತ ನಾನು ಹೇಳಿಲ್ಲ,’ ಎಂದ ಸಣ್ಣ ಪಾದ್ರಿ. ‘ಅದು ಕೊಳೆ ಸುಡೋ ಬೆಂಕಿ, ಮನುಷ್ಯನನ್ನ ಸುಡೋದಲ್ಲ. ಕೊಳೆ ಮುಗಿದ ಮೇಲೆ ಬೆಂಕಿಗೆ ಏನ್ ಕೆಲಸ?’

‘ಒಂದೇ ಮಾತಲ್ಲಿ ಹೇಳಿ ಫಾದರ್, ನರಕ ಇದೆಯಾ ಇಲ್ವಾ? ಬ್ರೇಕ್ ಬರ್ತಿದೆ!’

ಮೇಸ್ತ್ರಿ ತೊಡೆ ತಟ್ಟಿಕೊಂಡು ಎದ್ದ. ‘ನೋಡಿದ್ಯಾ? ನೋಡಿದ್ಯಾ? ಇಷ್ಟು ವರ್ಷ ನಾನ್ ಬಾಯ್ ಬಡ್ಕೊಂಡ್ರೆ ಹುಚ್ಚ ಅಂದ್ರು!’

‘ನೀವು ನರಕದ ವಿಷಯ ಯಾವಾಗ ಹೇಳಿದ್ರಿ? ಹಿರಿಯರ ಅಪ್ಪ ಅಮ್ಮನ ವಿಷಯ ಹೇಳ್ತಿದ್ರಿ,’ ಎಂದಳು ಹೆಂಡತಿ. ಸೋಫಾದ ಮೇಲಿನ ಬಣ್ಣದ ಕಲೆ ನೋಡುತ್ತಿದ್ದಳು.

ಅಮ್ಮ ಗೋಡೆಗೊರಗಿ ಕೂತಿದ್ದಳು. ಟೀವಿ ನೋಡುತ್ತಿರಲಿಲ್ಲ, ಮಗನನ್ನು ನೋಡುತ್ತಿದ್ದಳು.

‘ಹಾಗಾದ್ರೆ ಆ ಗೋಡೆ ಏನ್ಮಾಡ್ತಾರಂತೆ?’ ಎಂದು ಕೇಳಿದಳು.

‘ಅಳಿಸ್ತಾರಮ್ಮಾ! ಇನ್ನೇನು, ಅಳಿಸ್ಲೇಬೇಕು!’

ಅಮ್ಮ ಎದ್ದು ಒಳಗೆ ಹೋದಳು. ಸಂತೋಷಕ್ಕೆ ಅಳು ಬಂದಿರಬೇಕು ಎಂದುಕೊಂಡ ಮೇಸ್ತ್ರಿ.

ಮಾರನೆಯ ದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಇನ್ನೊಂದು ಚರ್ಚೆ ನಡೆಯಿತು, ಬ್ರೇಕ್ ಇಲ್ಲದ್ದು. ಬಣ್ಣದ ಅಡಿಗೆ ಹಚ್ಚುವ ಪ್ರೈಮರ್ ಕೊಳ್ಳಲು ಹೋದ ಮೇಸ್ತ್ರಿಯ ಜೊತೆ ಅವನ ಹಳೆಯ ಆಳು ಕುಳ್ಳನೂ ಇದ್ದ.

‘ನರಕ ಇಲ್ಲದಿದ್ರೆ,’ ಹಿರಿಯ ಗಲ್ಲಾದ ಮೇಲೆ ಕೈ ಬಡಿದ, ‘ನಾನು ಇಷ್ಟು ವಯಸ್ಸು ಒಂದು ಸಿಗರೇಟೂ ಸೇದದೆ ಕೂತಿದ್ದು ಯಾವ ಪುರುಷಾರ್ಥಕ್ಕೆ?’

‘ಈಗ್ಲೂ ತಡ ಆಗಿಲ್ಲ ಯಜಮಾನ್ರೇ,’ ಎಂದ ಕುಳ್ಳ. ‘ಬೆಂಕಿಪಟ್ಣ ನಾನೇ ಕೊಡ್ತೀನಿ.’

ಅಂಗಡಿಯಲ್ಲಿ ನಗು ಎದ್ದಿತು. ಹಿರಿಯ ನಗಲಿಲ್ಲ. ‘ನಗ್ರಪ್ಪಾ. ನನ್ನ ಮೊಮ್ಮಗಳ ಮೇಲೆ ಕುಡಿದು ಗಾಡಿ ಹತ್ತಿಸಿದನಲ್ಲ, ಅವನು ಇದೇ ಬೀದೀಲಿ ಹಲ್ಲು ಕಿಸ್ಕೊಂಡು ಓಡಾಡ್ತಾನೆ. ಕೋರ್ಟು ಬಿಡ್ತು. ದೇವರೂ ಬಿಡ್ತಾನೆ ಅಂದ್ರೆ, ಅವನಿರೋ ಪರಲೋಕಕ್ಕೆ ನನ್ನ ಕರೀಬೇಡಿ. ನಾ ಬರಲ್ಲ.’

ಮೇಸ್ತ್ರಿ ಪ್ರೈಮರ್ ಡಬ್ಬ ಎತ್ತಿಕೊಂಡು ಹೊರಗೆ ಬಂದ. ಬಂದ ಮೇಲೆ, ಅವನ ಮೊಮ್ಮಗಳಿಗಾಗಿ ನನ್ನ ತಮ್ಮ ಯಾಕೆ ಸುಡಬೇಕು ಎಂದು ಹೊಳೆಯಿತು. ಆಗ ಹೇಳಲು ಯಾರೂ ಇರಲಿಲ್ಲ.

ಸಭೆಯವರು ಕೂತು ಬಡಿದಾಡಿದರು. ಟೀವಿಯಲ್ಲಿ ಊರೂರಿಗೆ ನರಕ ಶಾಶ್ವತವಲ್ಲ ಎಂದು ಸಾರಿದ ಪಾದ್ರಿಯ ಪಕ್ಕದಲ್ಲೇ ಈ ಗೋಡೆ ಇರುವುದು ನಗೆಪಾಟಲು ಎಂದರು ಕೆಲವರು. ನರಕ ಮಾತ್ರ ಅಳಿಸಿ ಪರಲೋಕ ಉಳಿಸೋಣ ಎಂದರು ಇನ್ನು ಕೆಲವರು. ಅದು ಅರ್ಧ ಮೀಸೆ ಬೋಳಿಸಿದ ಹಾಗೆ ಕಾಣುತ್ತದೆ ಎಂದು ಹೋಟೆಲಿನವನ ಹೆಂಡತಿ ಹೇಳಿದ ಮೇಲೆ ಇಡೀ ಗೋಡೆಗೆ ಬಿಳಿ ಎಂದಾಯಿತು. ಹಿರಿಯ ಎದ್ದು ಹೋದ. ಕೆಲಸ ಮೇಸ್ತ್ರಿಗೆ ಬಂತು. ಕೂಲಿಯ ಮಾತೆತ್ತಿದರೆ, ‘ಕೂಲಿಯಂತೆ! ನನ್ನ ಕೈಯಾರೆ ಮಾಡ್ತೀನಿ’ ಎಂದು ಎದ್ದು ಬಂದ.

ಗೋಡೆ ಕೆಲಸಕ್ಕೆ ಒಂದು ಕ್ರಮವಿದೆ. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಮೊದಲು ಉಜ್ಜಬೇಕು, ಪ್ರೈಮರ್ ಕುಡಿಸಬೇಕು, ಆರಲು ಬಿಡಬೇಕು. ಇದನ್ನು ಮೇಸ್ತ್ರಿ ತನ್ನ ಆಳುಗಳಿಗೆ ಬೈದು ಬೈದು ಕಲಿಸಿದ್ದಾನೆ. ಆದರೆ ಅಂದು ಬೆಳಿಗ್ಗೆ ಎಷ್ಟೋ ವರ್ಷಗಳ ಮೇಲೆ ಆ ಹೊಸಿಲು ದಾಟಿದವನು ಉಜ್ಜಲಿಲ್ಲ, ಕಾಯಲಿಲ್ಲ. ಬಕೆಟ್ಟಿನಲ್ಲಿ ಸುಣ್ಣ ಕದಡಿ, ಸಾರವೆ ಹತ್ತಿ, ನೇರ ತಮ್ಮನ ಮುಂದೆ ನಿಂತ.

ಆಗ ಮೊದಲ ಸಲ ಹತ್ತಿರದಿಂದ ಕಂಡ. ಎಡಹುಬ್ಬನ್ನು ಸೀಳಿದ ಗಾಯದ ಗುರುತು. ಚಿಕ್ಕಂದಿನಲ್ಲಿ ಬಾವಿಯ ರಾಟೆ ತಗುಲಿದ್ದು. ನಗುವ ಮೊದಲು ಒಂದು ಕಣ್ಣು ಕಿರಿದಾಗುತ್ತಿದ್ದದ್ದು. ತುಟಿಯ ಒಂದು ಮೂಲೆ ಮೇಲೆದ್ದದ್ದು. ಸುತ್ತ ಇದ್ದವರೆಲ್ಲ ಬಾಯಿ ಹರಿಯುವಂತೆ ಕಿರುಚುತ್ತಿದ್ದರು, ತಮ್ಮ ಕಿರುಚುತ್ತಿರಲಿಲ್ಲ. ಹೇಳಲೋ ಬೇಡವೋ ಎಂಬಂತೆ ಅಣ್ಣನನ್ನೇ ನೋಡುತ್ತಿದ್ದ. ಮೇಸ್ತ್ರಿ ‘ಇನ್ನು ಸಾಕು ಬಾರೋ’ ಎಂದು ಗೊಣಗಿ, ಕಣ್ಣು ಮುಚ್ಚಿಕೊಂಡು ಬ್ರಷ್ ಎಳೆದ.

ಸುಣ್ಣ ಜಾರಿತು. ಮತ್ತೆ ಬಳಿದ. ಸಂಜೆಗೆ ಬೆಳ್ಳಗೆ ಕಂಡಿತು, ಬಾಗಿಲು ಹಾಕಿಕೊಂಡು ಹೋದರು. ಮರುದಿನ ತೆಗೆದಾಗ ಸುಣ್ಣ ಹಕ್ಕಳೆಯಾಗಿ ಉದುರಿ ಬೆಂಚಿನ ಮೇಲೆ ಬಿದ್ದಿತ್ತು. ಬಿಳಿಯ ನಡುವಿನಿಂದ ಆ ಕಿರಿದಾದ ಕಣ್ಣು ಇಣುಕುತ್ತಿತ್ತು. ಮತ್ತೊಂದು ಕೋಟು, ಮತ್ತೊಂದು ದಿನ; ಮತ್ತೆ ಅದೇ. ಉಳಿದ ನರಕವನ್ನೆಲ್ಲ ಆಳುಗಳು ಕ್ರಮವಾಗಿ ಉಜ್ಜಿ, ಪ್ರೈಮರ್ ಹೊಡೆದು ಮುಚ್ಚುತ್ತ ಬಂದರು. ಬಡ್ಡಿಯವನೂ ಹೋದ, ಹೋಟೆಲಿನವನೂ ಹೋದ. ತಮ್ಮನೊಬ್ಬನೇ ಹೋಗಲೊಲ್ಲ.

‘ಮೇಸ್ತ್ರಿ, ನನಗ್ಯಾಕೋ ಇದು ಸರಿ ಕಾಣ್ತಿಲ್ಲ,’ ಎಂದ ಕುಳ್ಳ. ‘ಅವನಿಗೆ ಹೋಗೋಕೆ ಇಷ್ಟ ಇಲ್ಲ.’

‘ಬಾಯ್ಮುಚ್ಚು! ಎಣ್ಣೆ ಬಣ್ಣ, ದಪ್ಪ ಇದೆ. ಬ್ಲೇಡ್ ಕೊಡಿಲ್ಲಿ.’

ಹಣೆಯಿಂದ ಹೆರೆಯತೊಡಗಿದ. ಬಣ್ಣ ಚೂರುಚೂರಾಗಿ ಎದ್ದು ಕೆನ್ನೆಗೆ, ಕುತ್ತಿಗೆಗೆ ಸಿಡಿಯಿತು. ಹುಬ್ಬು ಹೋಯಿತು. ಕಣ್ಣಿನ ಮೇಲೆ ಬ್ಲೇಡ್ ಇಟ್ಟು ಒತ್ತಿದ; ಪದರ ಎದ್ದು ಬಿತ್ತು. ಕೆಳಗೆ ಇನ್ನೊಂದು ಕಣ್ಣಿತ್ತು. ಸ್ವಲ್ಪ ಓರೆಯಾಗಿ, ಸ್ವಲ್ಪ ದೊಡ್ಡದಾಗಿ. ಅದನ್ನೂ ಹೆರೆದ. ಅದರ ಕೆಳಗೆ ಮತ್ತೊಂದು. ಒಂದು ಮುಖದ ಹಿಂದೆ ಒಂದು ಮುಖ, ಒಂದಕ್ಕಿಂತ ಒಂದು ತಮ್ಮನ ಹೋಲಿಕೆಯಿಂದ ದೂರ. ಎಲ್ಲಕ್ಕಿಂತ ಒಳಗಿದ್ದದ್ದು ಯಾರೋ ಗುರುತಿಲ್ಲದವನು.

ಕುಳ್ಳ ಏಣಿಯ ಮೇಲೆ ನಿಂತು ನೋಡುತ್ತಿದ್ದ. ತಮಾಷೆಯೆಲ್ಲ ಹೋಗಿತ್ತು. ‘ಮೇಸ್ತ್ರಿ,’ ಎಂದ ಮೆಲ್ಲಗೆ, ‘ಬೇರೆ ಮುಖಗಳನ್ನೆಲ್ಲ ಆ ಮುದುಕ ಒಂದೇ ಏಟಿಗೆ ಬರೆದಿದ್ದಾನೆ. ಇದೊಂದನ್ನ ಯಾರೋ ಪಕ್ಕದಲ್ಲಿ ಕೂತು ತಿದ್ದಿಸಿದ್ದಾರೆ. ಹೀಗಲ್ಲ, ಹೀಗೆ, ಅಂತ ಹೇಳಿ ಹೇಳಿ.’

‘ಯಾರು? ಯಾವನು ಅವನು?’ ಮೇಸ್ತ್ರಿ ಗರ್ಜಿಸಿದ.

‘ನಿಲ್ಸೋ.’

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬಿಸಿಲಲ್ಲಿ ನಡೆದೇ ಬಂದಿದ್ದಳು, ಚಪ್ಪಲಿಯ ಒಂದು ಪಟ್ಟಿ ಕಿತ್ತಿತ್ತು. ಬೆಂಚುಗಳನ್ನು ಹಿಡಿದು ಹಿಡಿದು ಗೋಡೆಯ ಹತ್ತಿರ ಬಂದು ಮೇಲೆ ನೋಡಿದಳು. ಹಣೆಯೂ ಇರಲಿಲ್ಲ, ಕಣ್ಣೂ ಇರಲಿಲ್ಲ. ತುಟಿ, ಗದ್ದ ಉಳಿದಿದ್ದವು.

‘ತಡ ಆಯ್ತು,’ ಎಂದಳು. ‘ಸ್ಕೂಟರ್ ಇಲ್ದೆ ನಂಗೆ ಬರೋಕಾಗ್ಲಿಲ್ಲ.’

ಮೇಸ್ತ್ರಿ ಇಳಿದು ಬಂದ. ಕುಳ್ಳ ಆಳುಗಳನ್ನು ಕರೆದುಕೊಂಡು ಹೊರಗೆ ಹೋದ. ಅಮ್ಮ ತನ್ನ ಬೆಂಚಿನ ಮೇಲಿನ ಸುಣ್ಣದ ಹಕ್ಕಳೆಗಳನ್ನು ಸೆರಗಿನಿಂದ ಸರಿಸಿ ಕೂತಳು.

‘ನಾನೇ ಬರೆಸಿದ್ದು,’ ಎಂದಳು. ‘ನೀನು ಪರವೂರಿನ ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಮಧ್ಯಾಹ್ನ ನಾನು ಬಂದು ಇಲ್ಲಿ ಕೂತ್ಕೋತಿದ್ದೆ. ನಾನು ಹೇಳೋದು, ಆತ ಬರೆಯೋದು. ಸರಿಯಾಗ್ಲಿಲ್ಲ ಅಂದ್ರೆ ಬೇಸರ ಇಲ್ದೆ ಅದರ ಮೇಲೇ ಮತ್ತೆ ಬರೆಯೋನು. ಮುಖ ಮರೆತು ಹೋಗ್ತಿತ್ತು ಕಣೋ ನಂಗೆ. ಹೆತ್ತವಳಿಗೆ ಮಗನ ಮುಖ ಮರೆಯೋದು ಅಂದ್ರೆ ಏನು ಅಂತ ನಿಂಗೆ ಹೇಗೆ ಹೇಳ್ಲಿ?’

‘ನರಕದಲ್ಲಾ?’ ಮೇಸ್ತ್ರಿಯ ದನಿ ಒಡೆಯಿತು. ‘ಬರೆಸೋಕೆ ನಿಂಗೆ ನರಕಾನೇ ಬೇಕಿತ್ತಾ?’

‘ಆ ಕಡೆ ಬರೀರಿ ಅಂತಲೇ ಮೊದಲು ಕೇಳ್ದೆ. ಪರಲೋಕದಲ್ಲಿ ಯಾರ ಮುಖ ಬರ್ಬೇಕು ಅಂತ ಹಿರಿಯರು ಪಕ್ಕ ನಿಂತು ಹೇಳ್ತಿದ್ರು, ಅವರ ಸೋದರಮಾವನಿಂದ ಹಿಡಿದು. ಈ ಕಡೆಗೆ ಯಾರ ತಕರಾರೂ ಇರ್ಲಿಲ್ಲ. ಜಾಗ ಕೊಟ್ಟ ಕಡೆ ಇಟ್ಕೊಂಡೆ.’ ಅವಳು ಗೋಡೆಯ ಕಡೆ ಕೈ ಎತ್ತಿದಳು. ‘ಬೆಂಕಿ ಬಣ್ಣ ಕಣೋ. ಮುಖ ನನ್ನ ಮಗಂದು.’

‘ಇಷ್ಟು ವರ್ಷ ಯಾಕಮ್ಮಾ ಬಾಯಿ ಬಿಡ್ಲಿಲ್ಲ?’

‘ಆತನ್ನ ಬೀದಿಗೆ ನೂಕಿ ಬಂದು ಮನೇಲಿ ಎದೆ ತಟ್ಕೊಂಡು ಹೇಳ್ತಿದ್ದೆ ನೀನು. ಯಾವ ಬಾಯಲ್ಲಿ ಹೇಳ್ಲಿ? ಹೇಳಿದ್ರೆ ನೀನು ಸಹಿಸ್ತಿದ್ಯಾ, ಅವತ್ತೇ ಬಂದು ಕೆರೆದು ಹಾಕ್ತಿದ್ದೆ. ವಾರಕ್ಕೊಂದು ಸಲನಾದ್ರೂ ಇರ್ಲಿ ಅಂತ ಸುಮ್ನಿದ್ದೆ.’

ಸದ್ದು ಕೇಳಿ ಸಣ್ಣ ಪಾದ್ರಿ ಒಳಗೆ ಬಂದ. ವಿಷಯ ತಿಳಿದು ಅವಳ ಪಕ್ಕದಲ್ಲಿ ಮಂಡಿಯೂರಿ ಕೂತ. ‘ಅಮ್ಮಾ, ನಿಮ್ಮ ಮಗ ಇಲ್ಲಿ ಇರ್ಲೇ ಇಲ್ಲ. ಅವನು ದೇವರ ಹತ್ರ ಇದ್ದಾನೆ. ಈ ಗೋಡೆ ಹೇಳಿದ್ದು ಸುಳ್ಳು.’

‘ಇರ್ಬಹುದಪ್ಪಾ,’ ಎಂದಳು ಅಮ್ಮ. ‘ಹಳೆ ಪಾದ್ರಿ ಬೆಂಕೀಲಿದ್ದಾನೆ ಅಂದ್ರು, ನೀವು ದೇವರ ಹತ್ರ ಇದ್ದಾನೆ ಅಂತೀರಿ. ಇಬ್ರೂ ಓದಿದೋರು, ಇಬ್ರೂ ಹೋಗಿ ನೋಡ್ಲಿಲ್ಲ. ನಾನು ವಾರವಾರ ನೋಡ್ತಿದ್ದೆ.’

ಸಣ್ಣ ಪಾದ್ರಿ ತಲೆ ಬಗ್ಗಿಸಿದ. ಉಳಿದಷ್ಟನ್ನು ಹಾಗೇ ಬಿಡೋಣ, ಸಭೆಗೆ ನಾನು ಹೇಳುತ್ತೇನೆ ಎಂದ. ಅಮ್ಮ ಇನ್ನೊಮ್ಮೆ ಮೇಲೆ ನೋಡಿ ಬೇಡವೆಂದಳು. ಕಣ್ಣಿಲ್ಲದವನನ್ನು ಎಷ್ಟು ಹೊತ್ತು ನೋಡುವುದು? ‘ಮುಚ್ಚಿಬಿಡು ಮಗಾ. ಈ ಸಲ ಸರಿಯಾಗಿ ಮುಚ್ಚು.’

ಮೇಸ್ತ್ರಿ ಮುಚ್ಚಿದ. ಉಜ್ಜಿ, ಪ್ರೈಮರ್ ಕುಡಿಸಿ, ಆರಲು ಬಿಟ್ಟು, ಮತ್ತೆ ಬಳಿದು, ತಾನು ಕಲಿತ ಕ್ರಮದಲ್ಲಿ. ಯಾರಿಗೂ ಬೈಯಲಿಲ್ಲ. ಆಳುಗಳಿಗೆ ಅದೇ ಹೆದರಿಕೆಯಾಯಿತು.

ಗೋಡೆ ಬೆಳ್ಳಗಾದ ಮೇಲೆ ಟೀವಿಯವರು ಗಾಡಿ ತಂದು ನಿಲ್ಲಿಸಿದರು. ‘ನರಕವನ್ನೇ ಅಳಿಸಿದ ಸಭೆ’ ಎಂದು ಸುದ್ದಿ. ಸಣ್ಣ ಪಾದ್ರಿ ಕ್ಯಾಮೆರಾದ ಮುಂದೆ ನಿಲ್ಲಲು ಒಪ್ಪಲಿಲ್ಲ, ಸಿಕ್ಕವರನ್ನೇ ಹಿಡಿದರು. ಬೆಂಚಿನಲ್ಲಿ ಒಬ್ಬಳೇ ಕೂತ ಮುದುಕಿಯ ಬಾಯಿಗೆ ಮೈಕು ಒಡ್ಡಿದರು. ‘ನನ್ನ ಮಗ ಇಲ್ಲಿದ್ದ. ಈಗ ಇಲ್ಲ,’ ಎಂದಳು ಅಮ್ಮ. ಸಂಜೆ ಆ ಮಾತಿಗೆ ಪಿಟೀಲು ಹಾಕಿ, ‘ನರಕದಿಂದ ಬಿಡುಗಡೆ: ತಾಯಿಯ ಆನಂದಬಾಷ್ಪ’ ಎಂದು ಬರೆದು ತೋರಿಸಿದರು. ಕೋಟಿನವನು ಬೇರೊಂದು ಚಾನೆಲಿನಲ್ಲಿ ಕೂತು, ಇಂಥ ಮುಗ್ಧ ತಾಯಂದಿರಿಗೆ ಮೋಸವಾಗುತ್ತಿದೆ ಎಂದು ಗುಡುಗಿದ. ಮೇಸ್ತ್ರಿ ರಿಮೋಟ್ ಎತ್ತಿ ಗೋಡೆಗೆ ಹೊಡೆದ. ಹೆಂಡತಿ ಚೂರುಗಳನ್ನು ಗುಡಿಸಿ ಹಾಕಿದಳು.

ಮಳೆ ಹಿಡಿದಾಗ ತಗಡಿನ ಸಂದಿನಿಂದ ಗೋಡೆಗೆ ತೇವ ಇಳಿಯಿತು. ಬಿಳಿಯ ಮೇಲೆ ಒಂದು ಕಂದು ಕಲೆ ಎದ್ದಿತು. ತೇವದ ಕಲೆ ಎಂದರು ಎಲ್ಲರೂ. ಅಮ್ಮನ ಜೊತೆ ಈಗ ಒಳಗೇ ಬಂದು ಕೂರುತ್ತಿದ್ದ ಮೇಸ್ತ್ರಿಗೆ ಅದರ ಆಕಾರ ಗೊತ್ತಿತ್ತು: ಒಂದು ಮೂಲೆ ಮೇಲೆದ್ದ ತುಟಿ. ಬಿಸಿಲು ಬಂದಾಗ ಅದು ಹೋಯಿತು. ಹೋದ ಮೇಲೆಯೇ ಅವನಿಗೆ ಹೆಚ್ಚು ಕಾಟವಾಯಿತು. ಯಾರ ಮನೆಗೆ ಕೆಲಸಕ್ಕೆ ಹೋದರೂ, ಹಳೆಯ ಬಣ್ಣದ ಮೇಲೆ ಬ್ಲೇಡ್ ಇಡುವಾಗ, ಕೆಳಗೊಂದು ಕಣ್ಣು ತೆರೆಯುತ್ತದೆ ಎಂದು ಕೈ ತಡೆಯುತ್ತಿತ್ತು. ಹೆರೆಯುವ ಕೆಲಸವನ್ನೆಲ್ಲ ಕುಳ್ಳನಿಗೆ ಬಿಟ್ಟ. ಒಂದು ಮಧ್ಯಾಹ್ನ ಮಕ್ಕಳ ಕೋಣೆಯೊಂದರ ಗೋಡೆಗೆ ಮುಖ ಮಾಡಿ, ಬ್ರಷ್ ಹಿಡಿದು, ಅಲುಗಾಡದೆ ನಿಂತಿದ್ದವನನ್ನು ಕುಳ್ಳನೇ ಭುಜ ಹಿಡಿದು ತಿರುಗಿಸಿದ.

‘ಬರೆಯೋಕೆ ಆ ಚಿತ್ರಗಾರಂಗೆ ಏನ್ ಕೊಟ್ಟೆ ನೀನು?’ ಎಂದು ಒಂದು ದಿನ ಅಮ್ಮನನ್ನು ಕೇಳಿದ.

‘ಏನೂ ತಗೊಳ್ಳಲಿಲ್ಲ. ಮಗ ಸತ್ತೋಳ ಹತ್ರ ಏನ್ ತಗೊಳ್ಳೋದು ಅಂದ. ಆತನ ಅಂಗಿ ಬೆನ್ನಲ್ಲಿ ಹರಿದಿತ್ತು. ಒಂದು ಅಂಗಿ ಹೊಲ್ಕೊಡ್ತೀನಿ ಅಂದೆ. ಆಗ ನಾನು ಹೊಲೀತಿದ್ನಲ್ಲ. ಎಷ್ಟು ಖುಷಿಯಾಯ್ತು ಅಂತೀಯಾ ಆತಂಗೆ! ಜೇಬು ದೊಡ್ಡದಿರ್ಲಿ ತಾಯಿ, ಬ್ರಷ್ ಇಡ್ಬೇಕು ಅಂದ. ಅಳತೆ ಕೊಡೋಕೆ ನಾಳೆ ಬರ್ತೀನಿ ಅಂದ. ಆ ನಾಳೆ ದಿನವೇ ನೀನು ಊರಿಂದ ಬಂದಿದ್ದು.’

ಮೇಸ್ತ್ರಿ ಹುಡುಕಲು ಹೊರಟ. ಬೋರ್ಡು ಬರೆಯುವವರು, ಲಾರಿಗಳ ಹಿಂದೆ ಹೂವು ಬರೆಯುವವರು, ಮುಚ್ಚಿಹೋದ ಟಾಕೀಸುಗಳ ಕಾವಲುಗಾರರು, ಎಲ್ಲರನ್ನೂ ಕೇಳಿದ. ಹೆಸರು ಹೇಳಿ ಎಂದರೆ ಇವನಿಗೆ ಹೆಸರೇ ಗೊತ್ತಿಲ್ಲ. ಒಬ್ಬ ಅಂಥವನು ಅನಾಥಾಶ್ರಮದಲ್ಲಿ ತೀರಿಕೊಂಡ ಎಂದ. ಹೋಗಿ ನೋಡಿದರೆ ಅದು ಬೇರೆ ಯಾರೋ. ಇನ್ನೊಬ್ಬ, ಕಣ್ಣು ಹೋಗಿ ಮಗಳ ಮನೆ ಸೇರಿದ ಎಂದ. ಯಾವ ಊರಿನ ಮಗಳು ಎಂದು ಅವನಿಗೆ ಗೊತ್ತಿಲ್ಲ. ರಜೆಯ ದಿನಗಳೆಲ್ಲ ಅದರಲ್ಲೇ ಕಳೆದವು. ಹಿರಿಯನನ್ನೂ ಹೋಗಿ ಕೇಳಿದ. ಅಂದಿನ ಜಗಳ ಬಿಟ್ಟು ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ‘ಎಲ್ಲಿಂದ ಬಂದ ಅಂತ ನಾನೂ ಕೇಳ್ಲಿಲ್ಲಪ್ಪಾ,’ ಎಂದ ಹಿರಿಯ.

ಕೊನೆಗೆ ದಪ್ಪನೆಯ ಕಾಟನ್ ಬಟ್ಟೆ ಕೊಂಡು, ಅಮ್ಮನಿಗೆ ಕಣ್ಣು ಸಾಲದೆಂದು ಪೇಟೆಯ ದರ್ಜಿಯ ಹತ್ತಿರ ತೆಗೆದುಕೊಂಡು ಹೋದ. ಜೇಬು ದೊಡ್ಡದಿರಲಿ ಎಂದ.

‘ಅಳತೆ?’ ದರ್ಜಿ ಟೇಪು ಕೊರಳಿಂದ ತೆಗೆದ. ‘ಆಳು ಬಂದಿಲ್ವಾ? ಒಂದು ಹಳೆ ಅಂಗಿನಾದ್ರೂ ತಂದಿದ್ರೆ ಆಗ್ತಿತ್ತು.’

‘ಇಲ್ಲ.’

‘ದಪ್ಪನೋ, ಸಣ್ಣನೋ, ಎಷ್ಟು ಎತ್ತರ? ಅಂದಾಜು ಹೇಳಿ.’

ಮೇಸ್ತ್ರಿ ಯೋಚಿಸಿದ. ಅವನಿಗೆ ಆ ಮುದುಕನ ಮುಖವೇ ನೆನಪಾಗಲಿಲ್ಲ. ಗಡ್ಡವಿತ್ತೇ? ಕನ್ನಡಕ? ಬೀದಿಗೆ ತಳ್ಳಿದಾಗ ಏನೋ ಹೇಳಲು ತೆರೆದ ಬಾಯಿಯೊಂದು ಕಂಡಿತು, ಅದರ ಸುತ್ತ ಏನೂ ಇರಲಿಲ್ಲ. ದರ್ಜಿಯ ಮೇಲೆ ರೇಗಲು ಬಾಯಿ ತೆರೆದು ಮುಚ್ಚಿಕೊಂಡ. ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

ಅಂಗಿ ಇನ್ನೂ ಹೊಲಿಸಿಲ್ಲ. ಬಟ್ಟೆ ಬೀರುವಿನಲ್ಲಿದೆ. ದಿಂಬಿನ ಕವರಿಗಾದರೂ ಆಗುತ್ತೆ ಎಂದು ಹೆಂಡತಿ ಒಂದು ಸಲ ಅಂದಳು. ಅವನು ನೋಡಿದ ನೋಟಕ್ಕೆ ಮತ್ತೆ ಆ ಮಾತೆತ್ತಲಿಲ್ಲ. ಆತ ಬರಲಿ, ಅಳತೆ ತಗೊಳ್ಳೋಣ ಎನ್ನುತ್ತಾಳೆ ಅಮ್ಮ.